ನೆಬೊ, ನೆಬೆಸಾ ಮತ್ತು ನಮ್ಮ ನಭ

ಧಾರವಾಡದ ಓದುಗರೊಬ್ಬರ ಪತ್ರ: ‘ರಷ್ಯನ್ ಕಲಿಯುತ್ತಿದ್ದೇನೆ. ಆಕಾಶಕ್ಕೆ ಅಲ್ಲಿ ನೆಬೊ ಅಂತಾರೆ. ನಮ್ಮ ನಭವೇ ಅಲ್ಲಿಗೆ ಹೋಗಿದ್ದು ಅಲ್ವಾ? ಆದರೆ ಬಹುವಚನ ನೆಬೆಸಾ ಅಂತಿದೆ. ಈ ಸಕಾರ ಎಲ್ಲಿಂದ ಬಂತು?’

ಸಂಪಾದಕರ ಉತ್ತರ: ನಿಮ್ಮ ಕಿವಿ ಚುರುಕಾಗಿದೆ. ಎರಡೂ ಒಂದೇ ಬಳ್ಳಿಯ ಪದಗಳು. ಆದರೆ ನಭ ಇಲ್ಲಿಂದ ಅಲ್ಲಿಗೆ ಹೋಗಲಿಲ್ಲ. ಸಂಸ್ಕೃತಕ್ಕೂ ರಷ್ಯನ್ ಸೇರಿರುವ ಸ್ಲಾವಿಕ್ ಭಾಷೆಗಳಿಗೂ ಹಿರಿಯಜ್ಜಿಯಂಥ ಒಂದು ಭಾಷೆಯಿತ್ತು. ಆ ಅಜ್ಜಿಯ ಪದ ಎರಡು ಮನೆಗೂ ಬಂತು. ಕನ್ನಡದ್ದು ಬೇರೆಯೇ ಮನೆತನ. ನಾವು ನಭವನ್ನು ಸಂಸ್ಕೃತದಿಂದ ತಂದುಕೊಂಡವರು.

ಈಗ ಸಕಾರದ ಮಾತು. ನನಗೆ ತುಂಬಾ ಇಷ್ಟವಾದ ಭಾಗ ಇದು. ಆ ಸಕಾರ ಹೊಸದಾಗಿ ಬಂದಿದ್ದಲ್ಲ, ಮೊದಲಿಂದಲೂ ಇತ್ತು. ಸಂಸ್ಕೃತದಲ್ಲೂ ಮೂಲರೂಪ ‘ನಭಸ್’. ಮೂಲ ಸ್ಲಾವಿಕ್ ಭಾಷೆ ಪದದ ಕೊನೆಯ ವ್ಯಂಜನಗಳನ್ನು ಬಿಟ್ಟುಬಿಟ್ಟಿತು. ಬಸ್ಸನ್ನು ‘ಬಸ್ಸು’ ಮಾಡಿಕೊಳ್ಳುವ ನಮಗೆ ಸ್ವರದಲ್ಲೇ ಮಾತು ಮುಗಿಸುವ ಆಸೆ ಅರ್ಥವಾಗುತ್ತದೆ. ನಾವು ಸ್ವರ ಸೇರಿಸಿದೆವು, ಅವರು ವ್ಯಂಜನ ಕೈಬಿಟ್ಟರು. ಹಾಗಾಗಿ ಉಳಿದದ್ದು *ನೆಬೊ. ಪದದ ಮೊದಲಿಗಿರುವ ನಕ್ಷತ್ರ ಗುರುತಿಗೆ (*) ಅರ್ಥ ಇಷ್ಟೇ: ಇದು ಬರಹದಲ್ಲಿ ಸಿಕ್ಕ ರೂಪವಲ್ಲ, ಮಗಳ ಭಾಷೆಗಳನ್ನು ಹೋಲಿಸಿ ಕಟ್ಟಿದ್ದು.

ಆದರೆ ವಿಭಕ್ತಿ ಪ್ರತ್ಯಯ ಸೇರಿದಾಗ ಸಕಾರ ಕೊನೆಯಲ್ಲಿರಲಿಲ್ಲ, ಎರಡು ಸ್ವರಗಳ ನಡುವೆ ಬೆಚ್ಚಗೆ ಕೂತಿತ್ತು. ಅದಕ್ಕೇ ಬಚಾವಾಯಿತು. ‘ಆಕಾಶದ’ ಅನ್ನಲು *ನೆಬೆಸೆ, ಸಂಸ್ಕೃತದಲ್ಲಿ ನಭಸಃ. ಬಹುವಚನ *ನೆಬೆಸಾ. 9ನೇ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಕ್ರೈಸ್ತ ಧರ್ಮಪ್ರಚಾರಕರು ಸ್ಲಾವಿಕ್ ಬರಹ ಶುರು ಮಾಡಿದರಲ್ಲ, ಆ ಕಾಲದ ಭಾಷೆಯ ಕ್ರೈಸ್ತ ಪ್ರಾರ್ಥನೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬಲ್ಲಿ ‘ನ ನೆಬೆಸಿಖು’ ಅನ್ನುತ್ತದೆ. ಸಪ್ತಮಿ ಬಹುವಚನ. ಆ ‘ಖು’ ಸಂಸ್ಕೃತದ ಸಪ್ತಮಿ ಬಹುವಚನ ‘ನಭಸ್ಸು’ವಿನ ಕೊನೆಯ ‘ಸು’ವಿನ ಒಡಹುಟ್ಟು! ರಷ್ಯನ್ ಏಕವಚನದಲ್ಲಿ ಈ ಸಕಾರ ಈಗ ಪೂರಾ ಮಾಯ, ‘ಆಕಾಶದ’ ಅನ್ನಲು ಸುಮ್ನೆ ‘ನೆಬಾ’ ಸಾಕು. ಬಹುವಚನದಲ್ಲಿ ಮಾತ್ರ ಹಳೆಯದು ಉಳಿದಿದೆ. ನಿಮಗೆ ಸಿಕ್ಕಿದ್ದು ಅದೇ.

ಅರ್ಥದ ಕಥೆ ಇನ್ನೂ ಚೆಂದ. ಮೊದಲು ಇದು ಮೋಡ, ಮಂಜಿನ ಪದ. ಗ್ರೀಕ್ ‘ನೆಫೊಸ್’ ಇಂದಿಗೂ ಮೋಡವೇ. ಲ್ಯಾಟಿನ್ ‘ನೆಬುಲಾ’ ಅಂದರೆ ಮಂಜು. ಸ್ಲಾವಿಕ್ ಜನರ ಬಾಯಲ್ಲಿ ಅದು ಆಕಾಶವಾಯಿತು. ಮೋಡ ಆಕಾಶವಾಗೋದು ಹೇಗೆ ಅಂತ ಕೇಳಬೇಡಿ. ನಿಮ್ಮ ಧಾರವಾಡದ ಕಡೆ ‘ಮುಗಿಲು’ ಅಂದರೆ ಏನು? ಮೋಡಕ್ಕೂ ಅದೇ ಪದ, ಆಕಾಶಕ್ಕೂ ಅದೇ.