ಓದುಗರ ಪ್ರಶ್ನೆ: ಪರರ ಹೊಲದ ನಡುವೆ ನಡೆಯಬಹುದೇ?

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ, ವಯಸ್ಸು 63. ಬರುವ ಜೂನ್ ತಿಂಗಳಲ್ಲಿ ಪತ್ನಿಯೊಂದಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಹೋಗುವವನಿದ್ದೇನೆ. ಕಾಟ್ಸ್‌ವೋಲ್ಡ್ಸ್ ಗುಡ್ಡಗಳಲ್ಲಿರುವ ಚಿಪ್ಪಿಂಗ್ ಕ್ಯಾಂಪ್ಡನ್ ಎಂಬ ಪೇಟೆಯಿಂದ ವಿಂಚ್‌ಕಮ್ ಎಂಬ ಇನ್ನೊಂದು ಪೇಟೆಗೆ ಹೊಲಗಳ ನಡುವೆಯೇ ನಡೆದು ಹೋಗಬಹುದೆಂದು ಅವಳು ಹೇಳುತ್ತಾಳೆ. ನಮ್ಮಲ್ಲಿ ನಕಾಶೆ ಕಂಡ ದಾರಿಗೂ ಬೇಲಿ ಬೀಳುವುದನ್ನು ನೋಡಿದ್ದೇನೆ. ಅಲ್ಲಿ ಯಾರೂ ತಡೆಯುವುದಿಲ್ಲವೇ? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ತಡೆಯುವುದಿಲ್ಲ, ತಡೆದರೆ ತಪ್ಪು ಜಮೀನಿನ ಒಡೆಯರದೇ ಆಗುತ್ತದೆ. ಇಂಗ್ಲೆಂಡಿನಲ್ಲಿ ಹೊಲ ಒಬ್ಬರ ಸ್ವತ್ತಾಗಿದ್ದರೂ ಅದರ ಮೇಲೆ ಹಾಯುವ ಸಾರ್ವಜನಿಕ ಕಾಲುದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದು, ಮತ್ತು ಜಮೀನು ಎಷ್ಟು ಸಲ ಕೈ ಬದಲಾದರೂ ಆ ಹಕ್ಕು ಅಳಿಯುವುದಿಲ್ಲ. ಒಮ್ಮೆ ಸಾರ್ವಜನಿಕ ದಾರಿಯಾದದ್ದು ಸದಾ ಸಾರ್ವಜನಿಕ ದಾರಿಯೇ ಎಂಬುದು ಅಲ್ಲಿನ ನ್ಯಾಯಾಲಯಗಳ ಹಳೆಯ ಸೂತ್ರ. ಅದನ್ನು ಮುಚ್ಚಲು ಅಥವಾ ತಿರುಗಿಸಲು ವಿಧಿವತ್ತಾದ ಆದೇಶವೇ ಬೇಕು. ಯಾರ ಅಪ್ಪಣೆಯನ್ನೂ ಕೇಳದೆ, ಯಾರ ಅಡ್ಡಿಯೂ ಇಲ್ಲದೆ ಜನರು 20 ವರ್ಷ ಒಂದೇ ಜಾಡಿನಲ್ಲಿ ನಡೆದಿದ್ದರೆ, ಬೇರೆ ಉದ್ದೇಶವಿತ್ತೆಂದು ಒಡೆಯರು ಸಾಬೀತುಪಡಿಸದ ಹೊರತು, ಅವರು ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆಂದೇ ಕಾನೂನು ಭಾವಿಸುತ್ತದೆ.

1949ರ ಕಾಯಿದೆಯೊಂದು ಪ್ರತಿ ಕೌಂಟಿಯ ಆಡಳಿತವೂ ತನ್ನ ವ್ಯಾಪ್ತಿಯ ಇಂಥ ದಾರಿಗಳನ್ನೆಲ್ಲ ಅಳೆದು ಅಧಿಕೃತ ನಕ್ಷೆಗೆ ಏರಿಸಬೇಕೆಂದು ವಿಧಿಸಿತು. ಆ ನಕ್ಷೆಯಲ್ಲಿ ಗೆರೆಯಿದ್ದರೆ ದಾರಿಯಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಇಂಥ ಹಾದಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರ್. ಆದರೆ ನನ್ನ ಅಭಿಪ್ರಾಯದಲ್ಲಿ ದಾರಿಗಳು ಉಳಿದಿರುವುದು ಕಾಯಿದೆಯೊಂದರಿಂದಲೇ ಅಲ್ಲ. ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ ಈ ಗೆರೆಗಳನ್ನು ಹಸಿರು ತುಂಡುಗೆರೆಗಳಾಗಿ ಮುದ್ರಿಸಿ, ಒಂದು ಕಿಲೋಮೀಟರಿಗೆ ನಾಲ್ಕು ಸೆಂಟಿಮೀಟರ್ ಅಳತೆಯ ನಕ್ಷೆಯಾಗಿ ಅಂಗಡಿಗಳಲ್ಲಿ ಮಾರುತ್ತದೆ. ನಮ್ಮಲ್ಲಿ ನಕಾಶೆ ಕಚೇರಿಯ ಕಪಾಟಿನಲ್ಲಿದ್ದರೆ ಅಲ್ಲಿ ಅದು ನಡೆಯುವವರ ಚೀಲದಲ್ಲಿದೆ, ಮತ್ತು ಬೇಲಿ ಬಿದ್ದ ದಿನವೇ ದೂರು ಕೊಡಲು ನಾಲ್ಕು ಜನರಿದ್ದಾರೆ. ನೀವು ಕೊಳ್ಳಬೇಕಾದದ್ದು ಕಿತ್ತಳೆ ಬಣ್ಣದ ಹೊದಿಕೆಯ ಎಕ್ಸ್‌ಪ್ಲೋರರ್ ಮಾಲಿಕೆಯ ಓಎಲ್ 45ನೆಯ ಹಾಳೆ.

ರೈತರಿಗೂ ಇಲ್ಲಿ ಸ್ಪಷ್ಟ ನಿಯಮಗಳಿವೆ. ಹೊಲದ ನಟ್ಟನಡುವೆ ದಾರಿ ಹಾದಿದ್ದರೆ ಅದನ್ನೂ ಸೇರಿಸಿ ಉಳಬಹುದು, ಆದರೆ ಬಿತ್ತನೆಗಾಗಿ ಮೊದಲ ಸಲ ಕದಡಿದ 14 ದಿನಗಳೊಳಗೆ, ಆಮೇಲಿನ ಪ್ರತಿ ಸಲವೂ 24 ಗಂಟೆಗಳೊಳಗೆ, ಕನಿಷ್ಠ ಒಂದು ಮೀಟರ್ ಅಗಲದ ಜಾಡನ್ನು ಮತ್ತೆ ಗಟ್ಟಿಮಾಡಿ ಕೊಡಬೇಕು. ಆದ್ದರಿಂದ ಎದೆಮಟ್ಟದ ಗೋಧಿಯ ನಡುವೆ ಬೈತಲೆ ತೆಗೆದಂತೆ ಒಂದು ಗೆರೆ ಕಂಡರೆ ಬೆದರದೆ ಅದರೊಳಗೆ ಇಳಿಯಿರಿ. ಅಂಚಿನಲ್ಲಿ ಸುತ್ತುಹಾಕಲು ಹೊರಟರೇ ನೀವು ಹಕ್ಕಿಲ್ಲದ ಕಡೆ ಕಾಲಿಟ್ಟಂತೆ. ಹಕ್ಕಿರುವುದು ನಡೆಯಲು, ನಿಂತು ಉಸಿರು ಬಿಡಲು, ಬುತ್ತಿ ಬಿಚ್ಚಲು; ಡೇರೆ ಹೊಡೆಯಲು ಅಲ್ಲ.

ಹೊಲದಿಂದ ಹೊಲಕ್ಕೆ ದಾಟುವಲ್ಲಿ ಮಲೆನಾಡಿನವರಾದ ತಮಗೆ ಪರಿಚಯದ ವಸ್ತುವೇ ಎದುರಾಗುತ್ತದೆ: ತಡಬೆ. ಜನ ಹತ್ತಿ ಇಳಿಯಬಹುದು, ದನ ದಾಟಲಾರದು. ಅದರ ಜೊತೆಗೆ ಇನ್ನೊಂದು ಬಗೆಯ ಗೇಟು ಇದೆ. ಅರ್ಧವೃತ್ತಾಕಾರದ ಕಟಕಟೆಯೊಳಗೆ ಒಂದೇ ಬಾಗಿಲು ಅತ್ತಿತ್ತ ಆಡುತ್ತದೆ. ಒಳಗೆ ಕಾಲಿಟ್ಟು, ಮೂಲೆಗೆ ಒತ್ತಿ ನಿಂತು, ಬಾಗಿಲನ್ನು ಬೆನ್ನ ಹಿಂದಕ್ಕೆ ದೂಡಿಕೊಂಡು ಆಚೆ ಬರಬೇಕು. ಮೊದಲ ಸಲ ನಾನು ಬೆನ್ನಿನ ಚೀಲವನ್ನು ಇಳಿಸದೆ ನುಗ್ಗಿ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂಬಂತೆ ಸಿಕ್ಕಿಕೊಂಡು, ಹಿಂದೆ ಬರುತ್ತಿದ್ದ ವೃದ್ಧ ದಂಪತಿಯಿಂದ ಬಿಡಿಸಿಕೊಳ್ಳಬೇಕಾಯಿತು.

ಪ್ರಶ್ನೆ: ಒಂದೇ ದಿನದಲ್ಲಿ ಮುಗಿಸಬಹುದೇ? ನಾವಿಬ್ಬರೂ ಕೊಡಚಾದ್ರಿ ಹತ್ತಿದವರು. (ಅದೇ ಓದುಗರು)

ಉತ್ತರ: ದೂರ ಸುಮಾರು 29 ಕಿಲೋಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅವರು ನಿಲ್ಲದೆ ನಡೆಯುವ ಗಟ್ಟಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಊಟ, ವಿಶ್ರಾಂತಿ, ನಕ್ಷೆ ಬಿಚ್ಚಿ ಮಾಡುವ ಚರ್ಚೆ ಎಲ್ಲ ಸೇರಿದರೆ ನಿಮಗೆ ಹತ್ತು ಗಂಟೆ ಬೇಕು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಸುಮಾರಿಗೆ, ಆದ್ದರಿಂದ ಕತ್ತಲೆಯ ಭಯವಿಲ್ಲ. ಆದರೂ ಹತ್ತು ಕಿಲೋಮೀಟರ್ ನಡೆದು ಬ್ರಾಡ್‌ವೇ ಹಳ್ಳಿಯಲ್ಲಿ ತಂಗಿ, ಮರುದಿನ ಉಳಿದ ದೂರವನ್ನು ಕ್ರಮಿಸಿರೆಂದೇ ಸಲಹೆ ಕೊಡುತ್ತೇನೆ. ದಾರಿ ತಪ್ಪುವ ಸಂಭವ ಕಡಿಮೆ, ಏಕೆಂದರೆ ಇದು 2007ರಲ್ಲಿ ರಾಷ್ಟ್ರೀಯ ಹಾದಿಯಾದ, ಬಾತ್ ನಗರದವರೆಗೆ 164 ಕಿಲೋಮೀಟರ್ ಸಾಗುವ ಕಾಟ್ಸ್‌ವೋಲ್ಡ್ ವೇಯ ಮೊದಲ ಭಾಗ. ಕಂಬಗಳ ಮೇಲೆ ಓಕ್ ಮರದ ಕಾಯಿಯ ಚಿತ್ರವಿರುತ್ತದೆ; ಹಳದಿ ಬಾಣವಿದ್ದರೆ ಕಾಲುದಾರಿ, ನೀಲಿಯಿದ್ದರೆ ಕುದುರೆ ಸವಾರರಿಗೂ ಮುಕ್ತವಾದ ದಾರಿ.

ಪ್ರಶ್ನೆ: ಹೊಲ ಬಿಟ್ಟರೆ ನೋಡಲು ಏನಿದೆ? (ಓದುಗರೊಬ್ಬರು, ಧಾರವಾಡ)

ಉತ್ತರ: ಹೊರಡುವ ಮೊದಲೇ ಅರ್ಧ ದಿನ ಕಳೆಯುವಷ್ಟಿದೆ. ಚಿಪ್ಪಿಂಗ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತೆ. ಬೀದಿಯ ನಡುವೆ 1627ರಲ್ಲಿ ಬ್ಯಾಪ್ಟಿಸ್ಟ್ ಹಿಕ್ಸ್ ಎಂಬ ಸಿರಿವಂತ ಕಟ್ಟಿಸಿದ ಸಂತೆ ಮಂಟಪವಿದೆ; ಬೆಣ್ಣೆ, ಗಿಣ್ಣು, ಕೋಳಿ ಮಾರುವವರಿಗೆ ಮಳೆಯಿಂದ ಆಸರೆಯಾಗಲೆಂದು ಎಬ್ಬಿಸಿದ ಈ ಕಟ್ಟಡದ ಜೇನುಬಣ್ಣದ ಕಮಾನುಗಳ ಕೆಳಗೆ ನೆಲದ ಕಲ್ಲುಗಳು ಎಷ್ಟು ಏರುತಗ್ಗಾಗಿವೆಯೆಂದರೆ ಅಲ್ಲಿಯೇ ಬೂಟಿನ ಪರೀಕ್ಷೆ ಆಗಿಬಿಡುತ್ತದೆ. ಅದಕ್ಕೂ ಹಿಂದಿನ ಸಿರಿ ಉಣ್ಣೆಯದು. 1401ರಲ್ಲಿ ತೀರಿಕೊಂಡ ವ್ಯಾಪಾರಿ ವಿಲಿಯಂ ಗ್ರೆವೆಲ್‌ನ ಮನೆ ಬೀದಿಯಲ್ಲಿ ಇನ್ನೂ ನಿಂತಿದೆ, ಮತ್ತು ಚರ್ಚಿನೊಳಗಿನ ಹಿತ್ತಾಳೆಯ ಸಮಾಧಿ ಫಲಕ ಅವನನ್ನು ಇಡೀ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿಗಳಲ್ಲಿ ಪುಷ್ಪಪ್ರಾಯನೆಂದು ಕರೆಯುತ್ತದೆ.

ನಮ್ಮ ಕಲಾಸಕ್ತರು ತಪ್ಪಿಸಬಾರದ ಸ್ಥಳ ಪಕ್ಕದಲ್ಲೇ ಇರುವ ಬ್ರಾಡ್ ಕ್ಯಾಂಪ್ಡನ್. 1902ರಲ್ಲಿ ಸಿ. ಆರ್. ಆಶ್‌ಬೀ ಎಂಬ ವಾಸ್ತುಶಿಲ್ಪಿ ಲಂಡನ್ನಿನಿಂದ ತನ್ನ ಕುಶಲಕರ್ಮಿಗಳ ಸಂಘವನ್ನೇ ಕ್ಯಾಂಪ್ಡನ್‌ಗೆ ಕರೆತಂದ. ಬ್ರಾಡ್ ಕ್ಯಾಂಪ್ಡನ್‌ನಲ್ಲಿ ಆತ ಜೀರ್ಣೋದ್ಧಾರ ಮಾಡಿಕೊಟ್ಟ ನಾರ್ಮನ್ ಚಾಪೆಲ್ ಎಂಬ ಮನೆಯಲ್ಲಿ 1907ರಿಂದ ನೆಲೆಸಿದವರು ಕಲಾಚಿಂತಕ ಆನಂದ ಕುಮಾರಸ್ವಾಮಿ. ಮಧ್ಯಕಾಲೀನ ಸಿಂಹಳದ ಕಲೆಯನ್ನು ಕುರಿತ ತಮ್ಮ ಗ್ರಂಥವನ್ನು ಇಂಗ್ಲಿಷ್ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಬಳಸುತ್ತಿದ್ದ ಅಚ್ಚಿನ ಯಂತ್ರದಲ್ಲಿ ಅವರು 1908ರಲ್ಲಿ ಮುದ್ರಿಸಿದ್ದು ಅಲ್ಲಿಯೇ. ಅದು ಈಗಲೂ ಖಾಸಗಿ ಮನೆ. ಹೊರಗಿನಿಂದ ನೋಡಿ ಮುಂದೆ ಸಾಗಬೇಕು. ಅದೇ ಮಾರಿಸ್ ನಿಮಗೆ ದಾರಿಯಲ್ಲಿ ಮತ್ತೆ ಸಿಗುತ್ತಾರೆ: 312 ಮೀಟರ್ ಎತ್ತರದ ಗುಡ್ಡದ ಮೇಲಿರುವ ಬ್ರಾಡ್‌ವೇ ಟವರ್‌ನಲ್ಲಿ ಅವರು ಆಗಾಗ ತಂಗುತ್ತಿದ್ದರು. ಗೋಪುರದಿಂದ ಹಳ್ಳಿಗೆ 200 ಮೀಟರ್‌ಗೂ ಹೆಚ್ಚಿನ ಇಳಿಜಾರು. ಮೊಣಕಾಲು ನೋವಿರುವವರಿಗೆ ಊರುಗೋಲು ಅಗತ್ಯ.

ಮುಂದೆ ಸ್ಟ್ಯಾನ್‌ಟನ್, ಸ್ಟ್ಯಾನ್‌ವೇ. ಕ್ರಿಕೆಟ್ ಪ್ರಿಯರು ಸ್ಟ್ಯಾನ್‌ವೇಯಲ್ಲಿ ಐದು ನಿಮಿಷ ನಿಲ್ಲಲೇಬೇಕು. ಅಲ್ಲಿಯ ಮೈದಾನದಂಚಿನ ಹುಲ್ಲು ಹೊದಿಸಿದ ಪುಟ್ಟ ಪೆವಿಲಿಯನ್ ಲೇಖಕ ಜೆ. ಎಂ. ಬ್ಯಾರಿ ಊರಿಗೆ ಕೊಟ್ಟ ಕಾಣಿಕೆ, ಮತ್ತು ಅದು ನಿಂತಿರುವುದು ಅಣಬೆಯಾಕಾರದ ಕಲ್ಲುಗಳ ಮೇಲೆ. ಹಿಂದೆ ಕಣಜಗಳನ್ನು ಇಂಥ ಕಲ್ಲುಗಳ ಮೇಲೆಯೇ ಕಟ್ಟುತ್ತಿದ್ದರು: ಕಾಂಡವನ್ನೇರಿದ ಇಲಿ ಕೊಡೆಯ ಅಡಿಯಲ್ಲಿ ತಲೆಕೆಳಗಾಗಿ ನಡೆಯಲಾರದೆ ಬೀಳುತ್ತಿತ್ತು. 1246ರಲ್ಲಿ ಸ್ಥಾಪನೆಯಾಗಿ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿಹೋದ ಹೇಲ್ಸ್ ಮಠದ ಅವಶೇಷ ಕೊನೆಯ ಘಟ್ಟದಲ್ಲಿ ಬರುತ್ತದೆ. ಅಷ್ಟರಲ್ಲಿ ಕಾಲು ಸೋತಿರುವುದರಿಂದ ಹೆಚ್ಚಿನವರು ಅದನ್ನು ಬೇಲಿಯಾಚೆಯಿಂದಲೇ ನೋಡುತ್ತಾರೆ.

ಪ್ರಶ್ನೆ: ದನಗಳ ಹಿಂಡಿನ ನಡುವೆ ಹೋಗಬೇಕಾದೀತೇ? ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? (ಓದುಗರೊಬ್ಬರು, ಮೈಸೂರು)

ಉತ್ತರ: ಹೋಗಬೇಕಾಗುತ್ತದೆ. ಹಾಲಿನ ತಳಿಯ, ಹತ್ತು ತಿಂಗಳು ಮೀರಿದ ಹೋರಿಯನ್ನು ದಾರಿಯಿರುವ ಹೊಲದಲ್ಲಿ ಬಿಡುವಂತಿಲ್ಲ. ಮಾಂಸದ ತಳಿಯ ಹೋರಿಗಳನ್ನು ಹಸುಗಳ ಜೊತೆಗಿದ್ದರೆ ಬಿಡಬಹುದು. ನಿಜವಾಗಿ ಎಚ್ಚರ ಬೇಕಾದದ್ದು ಕರುವಿರುವ ಹಸುಗಳ ವಿಷಯದಲ್ಲಿ. ತಾಯಿಗೂ ಕರುವಿಗೂ ನಡುವೆ ಹೋಗಬೇಡಿ, ಓಡಬೇಡಿ. ನಾಯಿ ಜೊತೆಗಿದ್ದು ಹಸುಗಳು ಅಟ್ಟಿಸಿಕೊಂಡು ಬಂದರೆ ಹಗ್ಗವನ್ನು ಬಿಟ್ಟುಬಿಡಿ, ಅವು ಬರುವುದು ಅದಕ್ಕಾಗಿಯೇ. ಊಟಕ್ಕೆ ಹಳ್ಳಿಯ ಪಬ್‌ಗಳಲ್ಲಿ ಸೂಪು, ಗಿಣ್ಣು ಹಾಕಿದ ಬೇಯಿಸಿದ ಆಲೂಗಡ್ಡೆ ಸಿಗುತ್ತವೆ. ಆದರೆ ಅನೇಕ ಕಡೆ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಅಡುಗೆಮನೆ ಮುಚ್ಚುತ್ತದೆ, ಹಾಗಾಗಿ ನಾಲ್ಕು ಚಪಾತಿ ಕಟ್ಟಿಕೊಂಡೇ ಹೊರಡಿ. ಕೆಸರಿನ ಬೂಟನ್ನು ಪಬ್‌ನ ಬಾಗಿಲಲ್ಲೇ ಕಳಚುವುದು ಅಲ್ಲಿನ ರೂಢಿ. ತೂತಿಲ್ಲದ ಕಾಲುಚೀಲ ಹಾಕಿಕೊಳ್ಳಿ.

ಪ್ರಶ್ನೆ: ವಾಹನ ಸೌಕರ್ಯ ಹೇಗೆ? (ಅದೇ ಓದುಗರು)

ಉತ್ತರ: ಕ್ಯಾಂಪ್ಡನ್‌ನ ರೈಲು ನಿಲ್ದಾಣ 1966ರಲ್ಲೇ ಮುಚ್ಚಿತು. ಲಂಡನ್ನಿನ ಪ್ಯಾಡಿಂಗ್‌ಟನ್‌ನಿಂದ ಮೋರ್‌ಟನ್-ಇನ್-ಮಾರ್ಷ್‌ವರೆಗೆ ರೈಲು, ಅಲ್ಲಿಂದ ಬಸ್ಸು. ವಿಂಚ್‌ಕಮ್‌ನಿಂದ ಚೆಲ್ಟನಮ್‌ಗೆ ಬಸ್ಸು ಹಿಡಿದರೆ ಬರ್ಮಿಂಗ್‌ಹ್ಯಾಮ್‌ಗೆ ನೇರ ರೈಲಿದೆ. ಸಂಜೆಯ ಕೊನೆಯ ಬಸ್ಸಿನ ಸಮಯವನ್ನು ಹಿಂದಿನ ದಿನವೇ ನೋಡಿ ಬರೆದಿಟ್ಟುಕೊಳ್ಳಿ, ಮತ್ತು ಭಾನುವಾರವನ್ನು ಆರಿಸಿಕೊಳ್ಳಬೇಡಿ.