ಬಳಚಿನ ಪೋಸ್ಟರಿನಲ್ಲಿ ಜಾಗ ಸಾಲದಿದ್ದರೆ

ಸಮ್ಮೇಳನಕ್ಕೆಂದು ಅಘನಾಶಿನಿ ನದಿಯ ಅಳಿವೆಯ ಬಳಚಿನ (ಎರಡು ಚಿಪ್ಪಿನ ಜೀವಿ) ಬಗ್ಗೆ ಎ0 (ಸುಮಾರು 84×119 ಸೆಂ.ಮೀ.) ಅಳತೆಯ ಪೋಸ್ಟರ್, 900 ಪದ, ಅಕ್ಷರ 18 ಪಾಯಿಂಟಿಗೆ ಇಳಿಸಿದರೂ ಜಾಗ ಸಾಲುತ್ತಿಲ್ಲ ಎಂದಿದ್ದೀರಿ. ಅಕ್ಷರ ಕಿರಿದು ಮಾಡಬೇಡಿ, ಪದ ಕಡಿಮೆ ಮಾಡಿ. 350 ಪದ ಧಾರಾಳ. ಆಯೋಜಕರು ಕೇಳಿರದಿದ್ದರೆ ಸಾರಾಂಶವನ್ನೇ ಮೊದಲು ತೆಗೆಯಿರಿ. ಪೋಸ್ಟರೇ ಒಂದು ಸಾರಾಂಶ. ಶೀರ್ಷಿಕೆ 90 ಪಾಯಿಂಟ್, ಉಪಶೀರ್ಷಿಕೆ 44, ಒಳಗಿನ ಬರಹ 28ಕ್ಕಿಂತ ಕೆಳಗೆ ಬೇಡ.

ನಿಮ್ಮ ನಿಜವಾದ ತೊಂದರೆ ಪೋಸ್ಟರಿನಲ್ಲಿರುವ ಬಳಚಿನ ಸಂಖ್ಯೆಯ ಕೋಷ್ಟಕ. ನಾಲ್ಕು ಜಾಗ, ಹನ್ನೆರಡು ತಿಂಗಳು ಎಂದರೆ 48 ಅಂಕಿ. ನಿಂತುಕೊಂಡು ಯಾರೂ ಓದುವುದಿಲ್ಲ. ಅದನ್ನೇ ರೇಖಾಚಿತ್ರ ಮಾಡಿ, ಮಳೆಗಾಲದ ತಿಂಗಳುಗಳ ಹಿಂದೆ ತಿಳಿಬೂದು ಪಟ್ಟಿ ಹಾಕಿ. ಮಳೆನೀರು ಸೇರಿ ಅಳಿವೆಯ ಉಪ್ಪಿನಂಶ ಇಳಿದಾಗ ಬಳಚಿನ ಸಂಖ್ಯೆ ಏನಾಯಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಜಾಗದ ಹೆಸರನ್ನು ಮೂಲೆಯ ಚೌಕದಲ್ಲಿಡದೆ ಆಯಾ ಗೆರೆಯ ತುದಿಗೇ ಬರೆಯಿರಿ. ಕೆಂಪು-ಹಸಿರು ಜೋಡಿ ಬೇಡ, ನೀಲಿ-ಕಿತ್ತಳೆ ಇರಲಿ. ಬಣ್ಣಗುರುಡು ಇರುವವರಿಗೂ ತಿಳಿಯುತ್ತದೆ.

ವಾಟ್ಸಾಪಿನಲ್ಲಿ ಬಂದ ಫೋಟೋ ಹಾಕಲೇಬೇಡಿ, ಅದು ಕುಗ್ಗಿರುತ್ತದೆ. 30 ಸೆಂ.ಮೀ. ಅಗಲದ ಚಿತ್ರಕ್ಕೆ ಸುಮಾರು 1,800 ಪಿಕ್ಸೆಲ್ ಬೇಕು.

ಕುಮಟಾದಲ್ಲೋ ಕಾರವಾರದಲ್ಲೋ ಮುದ್ರಿಸುವಾಗ ಪವರ್‌ಪಾಯಿಂಟ್ ಕಡತ ಕೊಡಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ. ಪರದೆಯಲ್ಲಿ ಕಾಣುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹಸಿರು ಮುದ್ರಣದಲ್ಲಿ ಮಂಕಾಗುವುದುಂಟು, ಒಂದು ತುಂಡು ಮೊದಲು ತೆಗೆಸಿ ನೋಡಿ. ಅದಕ್ಕೂ ಮುಂಚೆ ಇಡೀ ಪೋಸ್ಟರನ್ನು ಎ4 ಹಾಳೆಯಲ್ಲಿ ಮುದ್ರಿಸಿ; ಕೈಯಳತೆಯಲ್ಲಿ ಹಿಡಿದಾಗ ಓದಲಾಗದ ಸಾಲು ಗೋಡೆಯ ಮೇಲೂ ಓದಲಾಗದು.