ಘಟ್ಟದ ಅಂಚಿನಿಂದ ಉತ್ತರ: ಚೇಣಿಯ ಲೆಕ್ಕ ಮತ್ತು ಎರಡನೆಯ ಪುಸ್ತಕ

ನನ್ನೊಂದಿಗೇ ಕಾನೂನು ಓದಿ ಈಗ ಬೆಂಗಳೂರಿನಲ್ಲಿ ವಕೀಲಿ ಮಾಡುತ್ತಿರುವ ಗೆಳೆಯನೊಬ್ಬ, ನನ್ನ ಕಕ್ಷಿದಾರರ ಅಡಿಕೆ ಚೇಣಿಯ ದಾವೆ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿದೆ ಎಂದು ಕೇಳಿ ನಕ್ಕುಬಿಟ್ಟ. ‘ಪೂರ್ಣ ವಿಚಾರಣೆಯಿಲ್ಲದೆ ತೀರ್ಪು ಕೊಡಿ ಎಂದು ಒಂದು ಸಮ್ಮರಿ ಜಡ್ಜ್‌ಮೆಂಟ್ ಅರ್ಜಿ ಹಾಕಿದ್ದರೆ ಮುಗಿಯುತ್ತಿತ್ತಲ್ಲ ಮಾರಾಯ, ನಿಮ್ಮ ತೀರ್ಥಹಳ್ಳಿ ಕಡೆಗೆ ಅದೆಲ್ಲ ಇನ್ನೂ ಬಂದಿಲ್ಲವೇ?’ ಎಂದು ಕೇಳಿದ. ಫೋನಿನಲ್ಲೇ ಉತ್ತರಿಸಿದ್ದರೆ ಜಗಳವಾಗುತ್ತಿತ್ತು, ಆದ್ದರಿಂದ ಬರೆಯುತ್ತಿದ್ದೇನೆ.

ಬಂದಿದೆ ಮಾರಾಯ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಮಳೆಗೆ ಹೆದರಿ ಶಿವಮೊಗ್ಗದಲ್ಲೇ ಉಳಿದುಕೊಂಡಿಲ್ಲ. ಅದರ 37ನೇ ಆದೇಶದ (ಸಂಹಿತೆಯ ಅಧ್ಯಾಯಗಳಿಗೆ ಆದೇಶ ಎಂದೇ ಹೆಸರು) ಸಮ್ಮರಿ ದಾವೆಯನ್ನು ಪ್ರಾಮಿಸರಿ ನೋಟುಗಳ ಮೇಲೆ ನಾವೂ ಹಾಕುತ್ತೇವೆ. ಪ್ರತಿವಾದಿ ಹತ್ತು ದಿನದೊಳಗೆ ಹಾಜರಾಗಿ, ಮುಂದೆ ವಾದ ಹೂಡಲು ಅನುಮತಿ ಬೇಡಬೇಕಾಗುವುದನ್ನು ನೋಡಿ ಸಂತೋಷವನ್ನೂ ಪಡುತ್ತೇವೆ. ಆದರೆ ಆ ದಾರಿಯಲ್ಲಿ ಹೋಗಬೇಕಾದರೆ ಬರಬೇಕಾದ ಮೊತ್ತ ಮೊದಲೇ ನಿಗದಿಯಾಗಿರಬೇಕು. ಚೇಣಿಯಲ್ಲಿ ಅದೇ ಇಲ್ಲ.

ಚೇಣಿ ಎಂದರೇನೆಂದು ನಿನಗೆ ಹೇಳಲೇಬೇಕು. ತೋಟದವನಿಗೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಸಿಗುವುದಿಲ್ಲ, ಸುಲಿಯುವವರಿಲ್ಲ, ಬೇಯಿಸಲು ಹಂಡೆ ಹೂಡುವ ತ್ರಾಣವೂ ಇಲ್ಲ. ಆಗ ಚೇಣಿದಾರ ಹಸಿ ಅಡಿಕೆಯನ್ನು ತೂಗಿ ಒಯ್ದು, ಕ್ವಿಂಟಾಲ್ ಹಸಿಗೆ ಇಂತಿಷ್ಟು ಕಿಲೋ ಒಣ ಅಡಿಕೆ ಎಂಬ ಮಾತಿನಂತೆ ಹಿಂದಿರುಗಿಸುತ್ತಾನೆ, ಇಲ್ಲವೇ ಮಾರಾಟದ ದಿನದ ದರದಲ್ಲಿ ಹಣ ಕೊಡುತ್ತಾನೆ. ನನ್ನ ಕಕ್ಷಿದಾರರ ಕರಾರು ಹದಿಮೂರು ಕಿಲೋ. ಆದರೆ ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಯಾವ ದಿನದ ದರವೋ ಎಂಬುದು ತೀರ್ಮಾನವಾಗುವವರೆಗೆ ರೂಪಾಯಿಯ ಲೆಕ್ಕ ಹುಟ್ಟುವುದೇ ಇಲ್ಲ. ಇನ್ನು ನೀನು ಹೇಳುವ ಸಮ್ಮರಿ ಜಡ್ಜ್‌ಮೆಂಟಿನ 13-ಎ ಆದೇಶ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಿಂದ ಬಂದದ್ದು, ವಾಣಿಜ್ಯ ವ್ಯಾಜ್ಯಕ್ಕೆ ಮಾತ್ರ ಅನ್ವಯಿಸುವಂಥದ್ದು. 2018ರ ನಂತರ ಮೂರು ಲಕ್ಷ ರೂಪಾಯಿಯ ವ್ಯಾಜ್ಯವೂ ಅದರೊಳಗೆ ಬರುತ್ತದೆ, ನಿಜ. ಆದರೆ ಸ್ವಂತ ತೋಟದ ಫಸಲು ಕೊಟ್ಟ ರೈತ ವ್ಯಾಪಾರಿಯೇ ಎಂಬ ಪ್ರಶ್ನೆಯ ಮೇಲೆಯೇ ಎದುರುಪಕ್ಷ ಎರಡು ವರ್ಷ ಎಳೆಯಬಲ್ಲದು. ಆ ಜೂಜು ಬೇಡವೆಂದು ನಾನೇ ಸಾಮಾನ್ಯ ದಾವೆ ಹಾಕಿದೆ. ತಪ್ಪೆನಿಸಿದರೆ ಬೈದುಕೋ.

ನಾನು ಹೆಣಗುತ್ತಿರುವುದು ತೀರ್ಪಿನ ಅರ್ಜಿಯೊಂದಿಗಲ್ಲ, ಎದುರಾಳಿಯ ಬಳಿಯಿರುವ ದಾಖಲೆಗಳನ್ನು ಹೊರಗೆಳೆಯುವ ಡಿಸ್ಕವರಿ ಅರ್ಜಿಯೊಂದಿಗೆ. ಚೇಣಿದಾರ ಘಟ್ಟದ ಕೆಳಗಿನವನು. ಅಲ್ಲಿನ ಹೆಬ್ರಿಯವರ ಕಣ್ಣಿಗೆ ನಾವು ಘಟ್ಟದವರು, ನಿಮ್ಮ ಬೆಂಗಳೂರಿನ ಕಣ್ಣಿಗೆ ಮಂಗಳೂರಿನ ಕಡೆಯವರು. ಈ ಎರಡರ ನಡುವೆ ಬದುಕುವವರಿಗೆ ಎದುರಾಳಿಯ ಲೆಕ್ಕಪುಸ್ತಕ ಸದಾ ಇನ್ನೊಂದು ಜಿಲ್ಲೆಯಲ್ಲಿರುತ್ತದೆ. ಅಡಿಕೆ ತೂಗಿದ್ದು ಇಲ್ಲಿನ ಅಂಗಳದಲ್ಲಿ, ಆದ್ದರಿಂದ ಸಂಹಿತೆಯ 20ನೇ ಕಲಮಿನಂತೆ ದಾವೆ ಇಲ್ಲಿ ನಡೆಯುತ್ತದೆಂದು ಒಪ್ಪಿಸುವುದರಲ್ಲೇ ಮೊದಲ ವರ್ಷ ಮುಗಿಯಿತು.

ನನ್ನ ಕಕ್ಷಿದಾರರ ಕೈಯಲ್ಲಿರುವುದು ಅಂಗೈಯಗಲದ ಒಂದು ಪುಸ್ತಕ. ರಟ್ಟಿನ ಮೇಲೆ ಎಲೆಯಡಿಕೆಯ ಕಲೆ, ಒಳಗೆ ಪೆನ್ಸಿಲಿನಲ್ಲಿ ‘ಹಸಿ 6-40’ ಎಂಬಂಥ ಅಂಕಿಗಳು, ಅಂದರೆ ಆರು ಕ್ವಿಂಟಾಲ್ ನಲವತ್ತು ಕಿಲೋ. ಪ್ರತಿ ತೂಕದ ಪಕ್ಕದಲ್ಲಿ ಚೇಣಿದಾರನ ಆಳಿನ ಗೀಚು ಸಹಿಯಿದೆ. ಅದೇ ಹೊತ್ತಿಗೆ ಆ ಆಳು ತನ್ನ ಪುಸ್ತಕದಲ್ಲೂ ಬರೆದುಕೊಂಡಿದ್ದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದ್ದಾರೆ. ಲೆಕ್ಕಪುಸ್ತಕದ ನಮೂದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು ಎಂದು ಹಳೆಯ ಸಾಕ್ಷ್ಯ ಅಧಿನಿಯಮದ 34ನೇ ಕಲಮು ಹೇಳುತ್ತದೆ. ಹೀಗಾಗಿ ನಮಗೆ ಆ ಎರಡನೆಯ ಪುಸ್ತಕ ಬೇಕೇ ಬೇಕು. ಸಂಹಿತೆಯ 11ನೇ ಆದೇಶದ 12ನೇ ನಿಯಮದಡಿ ಅರ್ಜಿ ಹಾಕಿದೆವು. ದಾಖಲೆ ತೋರಿಸಬೇಕೆಂದು ನ್ಯಾಯಾಲಯದ ಆದೇಶವೂ ಆಯಿತು. ಅಂಥ ಪುಸ್ತಕವನ್ನು ತಾನು ಇಟ್ಟೇ ಇಲ್ಲವೆಂದು ಚೇಣಿದಾರ ಅಫಿಡವಿಟ್ ಸಲ್ಲಿಸಿದ. ಎಷ್ಟು ಸಲ ತೂಗಿದಿರಿ, ಎಲ್ಲಿ ಬರೆದುಕೊಂಡಿರಿ ಎಂದು ಲಿಖಿತ ಪ್ರಶ್ನಾವಳಿ ಕೊಟ್ಟರೆ ‘ನೆನಪಿಲ್ಲ’ ಎಂಬ ಉತ್ತರ ಬಂತು. ಆದೇಶ ಪಾಲಿಸದವನ ಪ್ರತಿವಾದವನ್ನೇ ಹೊಡೆದುಹಾಕಲು 21ನೇ ನಿಯಮ ಅವಕಾಶ ಕೊಡುತ್ತದೆಯಾದರೂ, ಆ ಕತ್ತಿಯನ್ನು ನ್ಯಾಯಾಲಯ ಸುಲಭವಾಗಿ ಒರೆಯಿಂದ ಹಿರಿಯುವುದಿಲ್ಲ. ಅದಲ್ಲದೆ, ಇಲ್ಲವೆಂದು ಪ್ರಮಾಣ ಮಾಡಿದವನು ಆದೇಶ ಪಾಲಿಸಿದಂತೆಯೇ ಅಲ್ಲವೇ? ಕೊನೆಗೆ ಶಿವಮೊಗ್ಗದ ಮಂಡಿಯೊಂದರ ಬಿಲ್ಲುಗಳಿಗೆ ಸಮನ್ಸು ಕಳಿಸಿದೆವು. ಬಿಲ್ಲುಗಳು ಬಂದವು. ಅವುಗಳಲ್ಲಿ ಏಳೆಂಟು ತೋಟಗಳ ಅಡಿಕೆ ಒಟ್ಟಾಗಿ ಅವನೊಬ್ಬನ ಹೆಸರಿನಲ್ಲೇ ಮಾರಾಟವಾಗಿತ್ತು. ನಮ್ಮ ಅಡಿಕೆಗೆ ತನ್ನ ಹೆಸರು ಹೇಳುವ ಬಾಯಿಲ್ಲ.

ಛಾಪಾ ಕಾಗದದ ಮೇಲೆ ಯಾಕೆ ಬರೆಸಲಿಲ್ಲ ಎಂದು ನೀನು ಕೇಳುವೆ; ನಾನೂ ಕೇಳಿದ್ದೆ. ‘ಮನೆಗೆ ಬಂದು ಕಾಫಿ ಕುಡಿದವರ ಮುಂದೆ ಛಾಪಾ ಕಾಗದ ಹಿಡಿಯುವುದು ಹೇಗೆ?’ ಎಂದರು ಕಕ್ಷಿದಾರರು. ಇದನ್ನು ದಡ್ಡತನ ಎನ್ನಬೇಡ. ಇಲ್ಲಿನ ಚೇಣಿಗಳಲ್ಲಿ ಹೆಚ್ಚಿನವು ಇದೇ ಬಾಯಿಮಾತಿನ ಮೇಲೆ ನಡೆದು, ವಕೀಲರ ಮುಖವನ್ನೂ ಕಾಣದೆ ಲೆಕ್ಕ ತೀರುತ್ತವೆ. ನನ್ನ ಮೇಜಿಗೆ ಬರುವುದು ಕೊಳೆ ಹಿಡಿದ ಕಾಯಿ ಮಾತ್ರ. ಆ ಮಾತಿನ ಮೇಲೆ ನನಗೆ ಹೆಮ್ಮೆಯೂ ಇದೆ, ವಾಯಿದೆಯ ದಿನಗಳಲ್ಲಿ ವಿಪರೀತ ಸಿಟ್ಟೂ ಇದೆ.

ಮುಂದಿನ ವಾಯಿದೆಗೆ ಸಾಕ್ಷ್ಯ ಶುರುವಾಗಬೇಕು. ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮೊನ್ನೆ ಬಂದಿದ್ದ ಕಕ್ಷಿದಾರರಿಗೆ, ಸಾಕ್ಷ್ಯವೆಂದು ನಿಶಾನೆಯಾದ ಮೇಲೆ ಅದು ನ್ಯಾಯಾಲಯದಲ್ಲೇ ಉಳಿಯುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಕಷ್ಟ’ ಎಂದು ಕೊನೆಯ ಪುಟಗಳನ್ನು ತಿರುವಿ ತೋರಿಸಿದರು. ಈ ವರ್ಷದ ಚೇಣಿಯ ಲೆಕ್ಕವೂ ಅದರಲ್ಲೇ ಇತ್ತು, ಪೆನ್ಸಿಲಿನಲ್ಲಿ.